ಉತ್ಕರ್ಷಣ: ಗಾಳಿ ಎಲ್ಲಿ ಬೇಕು, ಎಲ್ಲಿ ಬೇಡ?



ಹತ್ತನೇ ತರಗತಿ ಓದುವ ಮಕ್ಕಳ ವಿಜ್ಞಾನ ಪುಸ್ತಕದಲ್ಲಿ ‘ಉತ್ಕರ್ಷಣ’ ಎಂಬ ಒಂದು ಪದ ಬರುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆದು ಮರೆಯುತ್ತಾರೆ. ನಾವು ಸಂಘಗಳಿಗೆ ಭೇಟಿ ಕೊಟ್ಟಾಗ “ಈ ಪದ ಕೇಳಿದ್ದೀರಾ?” ಅಂದರೆ “ಅದೆಲ್ಲ ಓದಿದವರಿಗೆ ಸಿಸ್ಟರ್, ನಮಗ್ಯಾಕೆ?” ಎಂಬ ಉತ್ತರ ಬರುತ್ತದೆ. ಆದರೆ ಒಲೆ ಉರಿಯುವುದು, ಕತ್ತಿ ತುಕ್ಕು ಹಿಡಿಯುವುದು, ನಿಪ್ಪಟ್ಟು ಕಮಟುವುದು, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು ಎಲ್ಲವೂ ಇದೇ ಉತ್ಕರ್ಷಣದ ಕೆಲಸ. ಬಾಣಂತಿ ಕೋಣೆಯಲ್ಲಿ ಇಡುವ ಕೆಂಡದಿಂದ ಜೀವ ಹೋಗಬಹುದು ಅನ್ನುವುದೂ ಇದಕ್ಕೆ ಸೇರಿದ ವಿಷಯ. ಆದ್ದರಿಂದ ಈ ತಿಂಗಳ ಪಾಠಕ್ಕೆ ಇದೇ ಪದವನ್ನು ತೆಗೆದುಕೊಂಡಿದ್ದೇವೆ.

ಪಾಠದ ಉದ್ದೇಶ

1. ಉತ್ಕರ್ಷಣ ಎಂದರೇನು ಎಂದು ನಮ್ಮ ಮಾತಿನಲ್ಲಿ ತಿಳಿದುಕೊಳ್ಳುವುದು.
2. ಸಂಘದ ತಿಂಡಿ ವ್ಯಾಪಾರದಲ್ಲಿ ಆಗುವ ನಷ್ಟ ತಪ್ಪಿಸುವುದು.
3. ಮುಚ್ಚಿದ ಕೋಣೆಯ ಕೆಂಡ, ಬಾವಿ, ಗುಂಡಿಗಳಿಂದ ಆಗುವ ಸಾವನ್ನು ತಡೆಯುವುದು.

ಸಭೆಗೆ ತರಬೇಕಾದ ವಸ್ತುಗಳು: ಎರಡು ಮೇಣದಬತ್ತಿ, ಒಂದು ಚಿಕ್ಕ ಮತ್ತು ಒಂದು ದೊಡ್ಡ ಗಾಜಿನ ಬಾಟಲಿ, ಬಾಯಿ ಅಗಲ ಇರುವ ಮೂರು ಸಣ್ಣ ಗಾಜಿನ ಸೀಸೆ, ಮೂರು ಹೊಸ ಕಬ್ಬಿಣದ ಮೊಳೆ, ಕುದಿಸಿ ಆರಿಸಿದ ನೀರು, ಸ್ವಲ್ಪ ಎಣ್ಣೆ, ಒಂದು ಬದನೆಕಾಯಿ, ಅರ್ಧ ನಿಂಬೆಹಣ್ಣು.

ಪದದ ಅರ್ಥ

ನಾವು ಉಸಿರಾಡುವ ಗಾಳಿಯಲ್ಲಿ ನೂರು ಪಾಲಿದ್ದರೆ ಸುಮಾರು 78 ಪಾಲು ಸಾರಜನಕ, ಸುಮಾರು 21 ಪಾಲು ಆಮ್ಲಜನಕ. ಉಳಿದ ಒಂದು ಪಾಲಿನಲ್ಲಿ ಬೇರೆ ಅನಿಲಗಳಿವೆ. ಆಮ್ಲಜನಕಕ್ಕೇ ನಾವೆಲ್ಲ ಆಕ್ಸಿಜನ್ ಅನ್ನುತ್ತೇವೆ. 2021ರಲ್ಲಿ ಕೊರೋನಾದ ಎರಡನೇ ಅಲೆ ಬಂದಾಗ ಈ ಪದ ಎಲ್ಲರ ಬಾಯಲ್ಲಿತ್ತು, ಅಲ್ವಾ?

ಈ ಆಮ್ಲಜನಕ ಸುಮ್ಮನೆ ಕೂರುವ ಜಾತಿಯದಲ್ಲ. ಅವಕಾಶ ಸಿಕ್ಕಿದರೆ ಬೇರೆ ವಸ್ತುವಿನ ಜೊತೆ ಸೇರಿಕೊಳ್ಳುತ್ತದೆ. ಹೀಗೆ ಒಂದು ವಸ್ತುವಿಗೆ ಆಮ್ಲಜನಕ ಸೇರಿ ಅದು ಬೇರೆಯೇ ವಸ್ತುವಾಗುವುದಕ್ಕೆ ಉತ್ಕರ್ಷಣ ಎಂದು ಹೆಸರು. ಕಬ್ಬಿಣಕ್ಕೆ ಸೇರಿದರೆ ತುಕ್ಕಾಗುತ್ತದೆ. ಇದ್ದಿಲಿಗೆ ಸೇರಿದರೆ ಅದು ಉರಿದು ಅನಿಲವಾಗಿ ಹೋಗುತ್ತದೆ, ಬೂದಿ ಮಾತ್ರ ಉಳಿಯುತ್ತದೆ. ಎಣ್ಣೆಗೆ ಸೇರಿದರೆ ಕಮಟು ವಾಸನೆ ಬರುತ್ತದೆ. ಕೆಲವು ಬೇಗ ಆಗುತ್ತವೆ, ಕೆಲವು ನಿಧಾನ. ಬೆಂಕಿ ಎಂದರೆ ಬೇಗ ಆಗುವ ಉತ್ಕರ್ಷಣ, ತುಕ್ಕು ಎಂದರೆ ನಿಧಾನ ಆಗುವ ಉತ್ಕರ್ಷಣ.

ಒಂದು ವಸ್ತುವಿನಿಂದ ಆಮ್ಲಜನಕವನ್ನು ಬಿಡಿಸಿ ತೆಗೆಯುವುದಕ್ಕೆ ಅಪಕರ್ಷಣ ಅನ್ನುತ್ತಾರೆ. ಮುಂದೆ ವಿಜ್ಞಾನಿಗಳು ಈ ಎರಡು ಪದಗಳ ಅರ್ಥವನ್ನು ಇನ್ನೂ ಅಗಲ ಮಾಡಿದ್ದಾರೆ. ಆಮ್ಲಜನಕ ಇಲ್ಲದೆಯೂ ಕೆಲವು ಉತ್ಕರ್ಷಣ ನಡೆಯುತ್ತವೆ. ಅದು ಕಾಲೇಜಿನ ಪಾಠ. ನಮ್ಮ ಅಡುಗೆಮನೆಗೆ ಮೊದಲಿನ ಅರ್ಥ ಸಾಕು.

ಆಮ್ಲಜನಕ ಎಂಬ ಹೆಸರು

‘ಆಮ್ಲ’ ಎಂದರೆ ಹುಳಿ, ‘ಜನಕ’ ಎಂದರೆ ಹುಟ್ಟಿಸುವುದು. ಹುಳಿ ಹುಟ್ಟಿಸುವುದು ಎಂಬ ಅರ್ಥದ ಗ್ರೀಕ್ ಪದಗಳಿಂದ ಆಕ್ಸಿಜನ್ ಎಂಬ ಹೆಸರನ್ನು ಕಟ್ಟಿದವರು ಫ್ರಾನ್ಸ್ ದೇಶದ ಲವಾಸಿಯೆ. ಅದನ್ನೇ ನಮ್ಮವರು ಆಮ್ಲಜನಕ ಎಂದು ಮಾಡಿಕೊಂಡರು. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದೆ ಎಂದು ಲವಾಸಿಯೆ ತಿಳಿದಿದ್ದರು. ಅದು ಸರಿಯಲ್ಲ ಎಂದು ಆಮೇಲೆ ಗೊತ್ತಾಯಿತು. ಬಚ್ಚಲು ತೊಳೆಯುವುದಕ್ಕೆ ತರುವ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ನೀರನ್ನು ಬಿಟ್ಟರೆ ಆ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ. ಆದರೂ ಹೆಸರು ಹಾಗೇ ಉಳಿಯಿತು.

1774ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿ ಈ ಅನಿಲವನ್ನು ಬೇರ್ಪಡಿಸಿ ತೋರಿಸಿದ್ದರು. ಅದಕ್ಕೂ ಮುಂಚೆ ಸ್ವೀಡನ್ನಿನ ಶೀಲೆ ಕೂಡ ಇದನ್ನು ಪಡೆದಿದ್ದರು. ಆದರೆ ಉರಿಯುವುದು ಎಂದರೆ ಏನು ಎಂದು ತಕ್ಕಡಿ ಹಿಡಿದು ತೂಗಿ ತೋರಿಸಿದವರು ಲವಾಸಿಯೆ. ಲೋಹವನ್ನು ಗಾಳಿಯಲ್ಲಿ ಕಾಯಿಸಿ ಸುಟ್ಟರೆ ಅದರ ತೂಕ ಹೆಚ್ಚುತ್ತದೆ, ಹೆಚ್ಚಿದ ಆ ತೂಕ ಗಾಳಿಯಿಂದ ಬಂದದ್ದು ಎಂದು ಅವರು ಲೆಕ್ಕ ಕೊಟ್ಟರು.

ಈ ಕೆಲಸದಲ್ಲಿ ಅವರ ಹೆಂಡತಿ ಮರಿ ಆನ್ ಅವರ ಪಾಲು ದೊಡ್ಡದು. ಅವರಿಗೆ 13 ವರ್ಷಕ್ಕೇ ಮದುವೆಯಾಗಿತ್ತು. ಗಂಡನ ಪ್ರಯೋಗಗಳ ವಿವರ ಬರೆದಿಡುವುದು, ಇಂಗ್ಲಿಷ್ ಬರಹಗಳನ್ನು ಫ್ರೆಂಚ್‌ಗೆ ತರುವುದು ಎಲ್ಲ ಅವರೇ ಮಾಡುತ್ತಿದ್ದರು. 1789ರಲ್ಲಿ ಬಂದ ರಸಾಯನಶಾಸ್ತ್ರದ ಪುಸ್ತಕಕ್ಕೆ ಉಪಕರಣಗಳ ಚಿತ್ರಗಳನ್ನೂ ಅವರೇ ಬರೆದರು. ಪುಸ್ತಕದ ಮೇಲೆ ಹೆಸರು ಮಾತ್ರ ಗಂಡನದು. ಸಂಘದ ಲೆಕ್ಕಪುಸ್ತಕ ಬರೆಯುವ ಸಹೋದರಿಯರು ಇದನ್ನು ನೆನಪಿಡಿ. ಬರೆದಿಡುವ ಕೆಲಸ ಸಣ್ಣದಲ್ಲ.

ಸಭೆಯಲ್ಲಿ ಮಾಡಿ ನೋಡಿ

ಮೊದಲನೆಯದು: ಎರಡು ಮೇಣದಬತ್ತಿ ಹಚ್ಚಿ. ಒಂದರ ಮೇಲೆ ಚಿಕ್ಕ ಬಾಟಲಿ, ಇನ್ನೊಂದರ ಮೇಲೆ ದೊಡ್ಡ ಬಾಟಲಿ ಒಟ್ಟಿಗೆ ಕವುಚಿ. ಯಾವುದು ಮೊದಲು ಆರುತ್ತದೆ? ಚಿಕ್ಕದರ ಒಳಗಿನದು. ಮೇಣ ಉಳಿದಿದೆ, ಬತ್ತಿ ಉಳಿದಿದೆ, ಆದರೆ ಉರಿಯಲು ಬೇಕಾದಷ್ಟು ಆಮ್ಲಜನಕ ಉಳಿದಿಲ್ಲ. ಈ ಬಾಟಲಿಯನ್ನು ಮರೆಯಬೇಡಿ, ಪಾಠದ ಕೊನೆಗೆ ಮತ್ತೆ ಬೇಕಾಗುತ್ತದೆ.

ಎರಡನೆಯದು: ಬದನೆಕಾಯಿಯನ್ನು ಮೂರು ಹೋಳು ಮಾಡಿ. ಒಂದನ್ನು ಹಾಗೇ ಇಡಿ, ಒಂದನ್ನು ನೀರಿನಲ್ಲಿ ಮುಳುಗಿಸಿ, ಒಂದಕ್ಕೆ ನಿಂಬೆರಸ ಸವರಿ. ಸ್ವಲ್ಪ ಹೊತ್ತಿಗೆ ಹಾಗೇ ಇಟ್ಟದ್ದು ಕಂದು ಬಣ್ಣಕ್ಕೆ ತಿರುಗುತ್ತದೆ. ನೀರು ಗಾಳಿಯನ್ನು ದೂರ ಇಡುತ್ತದೆ, ನಿಂಬೆಯ ಹುಳಿ ಕಪ್ಪಾಗುವುದನ್ನು ತಡೆಯುತ್ತದೆ. ಬಾಳೆದಿಂಡು ಹೆಚ್ಚಿ ಮಜ್ಜಿಗೆ ನೀರಿಗೆ ಹಾಕಬೇಕು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅದು ಉತ್ಕರ್ಷಣ ತಡೆಯುವ ಪಾಠವೇ. ಅವರಿಗೆ ಪದ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಮೂರನೆಯದು: ಮೂರು ಸೀಸೆ ಸಾಲಾಗಿ ಇಡಿ. ಮೊದಲನೆಯದರಲ್ಲಿ ಮೊಳೆ ಅರ್ಧ ಮುಳುಗುವಷ್ಟು ಸಾದಾ ನೀರು. ಎರಡನೆಯದರಲ್ಲಿ ಮೊಳೆ ಪೂರ್ತಿ ಮುಳುಗುವಂತೆ ಕುದಿಸಿ ಆರಿಸಿದ ನೀರು, ಅದರ ಮೇಲೆ ಒಂದು ಪದರ ಎಣ್ಣೆ. ಮೂರನೆಯದರಲ್ಲಿ ಎಣ್ಣೆ ಸವರಿದ ಒಣ ಮೊಳೆ, ಮೇಲೆ ಬಿಗಿ ಮುಚ್ಚಳ. ಮುಂದಿನ ವಾರದ ಸಭೆಯಲ್ಲಿ ತೆಗೆದು ನೋಡಿ. ಮೊದಲನೆಯದಕ್ಕೆ ಚೆನ್ನಾಗಿ ತುಕ್ಕು ಹಿಡಿದಿರುತ್ತದೆ. ನೀರು ಕುದಿಸಿದಾಗ ಅದರಲ್ಲಿ ಕರಗಿದ್ದ ಗಾಳಿ ಹೊರಗೆ ಹೋಗುತ್ತದೆ, ಮೇಲಿನ ಎಣ್ಣೆ ಹೊಸ ಗಾಳಿಯನ್ನು ಬಿಡುವುದಿಲ್ಲ. ತುಕ್ಕಿಗೆ ನೀರು ಮತ್ತು ಆಮ್ಲಜನಕ ಎರಡೂ ಬೇಕು ಎಂದು ಇದರಿಂದ ಗೊತ್ತಾಗುತ್ತದೆ.

ಕತ್ತಿ, ಕೆಮ್ಮಣ್ಣು, ಬೋರ್ ನೀರು

ಕುಡುಗೋಲು, ಕತ್ತಿ, ಗುದ್ದಲಿ ನಮ್ಮ ಅನ್ನದ ಸಾಧನಗಳು. ಕೆಲಸ ಮುಗಿದ ಮೇಲೆ ತೊಳೆದು, ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ ಇಟ್ಟರೆ ಮಳೆಗಾಲದಲ್ಲೂ ತುಕ್ಕು ಹತ್ತಿರ ಬರುವುದಿಲ್ಲ. ದೋಸೆ ಕಾವಲಿಗೂ ಇದೇ ಉಪಚಾರ.

ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿಯ ಹೆಸರು ಕೇಳಿದ್ದೀರಿ. ಅಲ್ಲಿಯ ಮಣ್ಣು ಕೆಂಪಾಗಿರುವುದು ಅದರಲ್ಲಿರುವ ಕಬ್ಬಿಣಕ್ಕೆ ಆಮ್ಲಜನಕ ಸೇರಿರುವುದರಿಂದ. ಹಿಂದೆ ಅಲ್ಲಿಯ ಅದಿರನ್ನು ಭದ್ರಾವತಿಯ ಕಾರ್ಖಾನೆಗೆ ಸಾಗಿಸುತ್ತಿದ್ದರು. 1923ರಲ್ಲಿ ಆ ಕಾರ್ಖಾನೆ ಕಬ್ಬಿಣ ತಯಾರಿಸಲು ಶುರುಮಾಡಿದಾಗ ಉರಿಸಿದ್ದು ಕಾಡಿನ ಮರದ ಇದ್ದಿಲು. ಇದ್ದಿಲು ಅದಿರಿನಿಂದ ಆಮ್ಲಜನಕವನ್ನು ಕಿತ್ತುಕೊಂಡು ಕಬ್ಬಿಣವನ್ನು ಬಿಡಿಸುತ್ತದೆ. ಇದೇ ಅಪಕರ್ಷಣ. ಅಷ್ಟು ಕಷ್ಟಪಟ್ಟು ಬಿಡಿಸಿದ ಕಬ್ಬಿಣವನ್ನು ನಾವು ಅಂಗಳದಲ್ಲಿ ಮಳೆಗೆ ಬಿಟ್ಟರೆ ಅದು ಆಮ್ಲಜನಕ ಸೇರಿಸಿಕೊಂಡು ಮತ್ತೆ ಕೆಂಪಾಗುತ್ತದೆ.

ಕೆಲವು ಊರುಗಳಲ್ಲಿ ಬೋರ್‌ವೆಲ್ ನೀರು ಬರುವಾಗ ತಿಳಿಯಾಗಿರುತ್ತದೆ, ಕೊಡದಲ್ಲಿ ಇಟ್ಟರೆ ಕೆಂಪಾಗುತ್ತದೆ. ಬಟ್ಟೆಗೆ ಕಲೆ, ಚಹಾ ಕಪ್ಪು. ನೆಲದ ಆಳದಲ್ಲಿ ಗಾಳಿ ಸಿಗದೆ ಕರಗಿದ್ದ ಕಬ್ಬಿಣ, ಮೇಲೆ ಬಂದು ಗಾಳಿ ಸೋಕಿದ ಕೂಡಲೇ ಗಸಿಯಾಗುತ್ತದೆ. ಇಲ್ಲಿ ನಾವು ಉತ್ಕರ್ಷಣವನ್ನು ಕೆಲಸಕ್ಕೆ ಹಚ್ಚಬಹುದು. ನೀರನ್ನು ಎತ್ತರದಿಂದ ಸಣ್ಣ ತೂತುಗಳ ಮೂಲಕ ಮಳೆಯಂತೆ ಸುರಿಸಿ, ನಿಲ್ಲಿಸಿ, ಗಸಿ ತಳ ಹಿಡಿದ ಮೇಲೆ ಮರಳಿನಲ್ಲಿ ಸೋಸಿದರೆ ಕಬ್ಬಿಣ ಬಹುಪಾಲು ಹೋಗುತ್ತದೆ. ಆದರೆ ಇದರಿಂದ ರೋಗಾಣು ಸಾಯುವುದಿಲ್ಲ. ಕುಡಿಯುವ ನೀರನ್ನು ಕುದಿಸಲೇಬೇಕು.

ತಿಂಡಿ ವ್ಯಾಪಾರದ ಲೆಕ್ಕ

ನಮ್ಮ ಎಷ್ಟೋ ಸಂಘಗಳು ಚಕ್ಕುಲಿ, ನಿಪ್ಪಟ್ಟು, ಬಾಳೆಕಾಯಿ ಚಿಪ್ಸ್, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತವೆ. ಒಂದು ಉದಾಹರಣೆ ಲೆಕ್ಕ ಹಾಕೋಣ. 100 ಪ್ಯಾಕೆಟ್ ನಿಪ್ಪಟ್ಟು. ಒಂದಕ್ಕೆ ಖರ್ಚು 24 ರೂಪಾಯಿ, ಮಾರುವ ಬೆಲೆ 30, ಲಾಭ 6. ಅಂಗಡಿಯವರು 20 ಪ್ಯಾಕೆಟ್ ‘ಕಮಟು ವಾಸನೆ’ ಎಂದು ವಾಪಸ್ ಕೊಟ್ಟರು. ಮಾರಿದ 80 ಪ್ಯಾಕೆಟ್‌ನಿಂದ ಬಂದ ಲಾಭ 480 ರೂಪಾಯಿ. ವಾಪಸ್ ಬಂದ 20ಕ್ಕೆ ಹಾಕಿದ ಖರ್ಚೂ 480 ರೂಪಾಯಿ. ಎಲ್ಲರೂ ಎರಡು ದಿನ ಒಲೆ ಮುಂದೆ ಕೂತು ದುಡಿದದ್ದಕ್ಕೆ ಕೈಗೆ ಏನೂ ಸಿಗಲಿಲ್ಲ. ಗಿರಾಕಿಯ ನಂಬಿಕೆ ಹೋದದ್ದು ಬೇರೆ.

ಎಣ್ಣೆ, ಕೊಬ್ಬು ಇರುವ ಪದಾರ್ಥಕ್ಕೆ ಗಾಳಿಯ ಆಮ್ಲಜನಕ ಸೇರಿದಾಗ ಈ ವಾಸನೆ ಹುಟ್ಟುತ್ತದೆ. ಬಿಸಿಲು, ಶಾಖ ಇದನ್ನು ಬೇಗ ಮಾಡಿಸುತ್ತವೆ. ತಾಮ್ರ ಮತ್ತು ತುಕ್ಕು ಕಬ್ಬಿಣ ಸೋಕಿದರೂ ಬೇಗ ಆಗುತ್ತದೆ. ಶೇಂಗಾ, ಹುಚ್ಚೆಳ್ಳು, ಅಗಸೆ ಪುಡಿಗಳು ಕಾಳಾಗಿ ಇದ್ದಾಗ ಹೆಚ್ಚು ದಿನ ತಡೆಯುತ್ತವೆ, ಪುಡಿ ಮಾಡಿದ ಮೇಲೆ ಬೇಗ ಕೆಡುತ್ತವೆ. ಯಾಕೆಂದರೆ ಪುಡಿಯಾದಾಗ ಗಾಳಿ ಸೋಕುವ ಜಾಗ ಹೆಚ್ಚುತ್ತದೆ. ಹುರಿದು ಪುಡಿ ಮಾಡಿದ ಕಾಫಿಯ ಘಮ ಬೇಗ ಹೋಗುವುದಕ್ಕೂ ಇದೊಂದು ಕಾರಣ.

ಹಾಗಾದರೆ ಏನು ಮಾಡಬೇಕು?

- ಆರ್ಡರ್ ಬಂದಷ್ಟೇ ಪುಡಿ ಮಾಡಿ. ಹೆಚ್ಚು ಮಾಡಿ ಇಡಬೇಡಿ.
- ಕರಿದ ತಿಂಡಿ ಪೂರ್ತಿ ಆರಿದ ಮೇಲೆ ಪ್ಯಾಕ್ ಮಾಡಿ, ಆದರೆ ರಾತ್ರಿಯಿಡೀ ತೆರೆದು ಇಡಬೇಡಿ.
- ಎಣ್ಣೆಯನ್ನು ಸ್ಟೀಲ್ ಡಬ್ಬಿಯಲ್ಲಿ, ಬಿಸಿಲು ಬೀಳದ ಕಡೆ ಇಡಿ. ದೊಡ್ಡ ಡಬ್ಬಿಯ ತಳದಲ್ಲಿ ಸ್ವಲ್ಪ ಎಣ್ಣೆ ಇದ್ದರೆ ಉಳಿದ ಜಾಗವೆಲ್ಲ ಗಾಳಿಯೇ. ಅದನ್ನು ಚಿಕ್ಕ ಡಬ್ಬಿಗೆ ಬದಲಾಯಿಸಿ.
- ಹಳೆ ಎಣ್ಣೆಗೆ ಹೊಸ ಎಣ್ಣೆ ಬೆರೆಸಬೇಡಿ. ಕೆಟ್ಟದ್ದು ಒಳ್ಳೆಯದನ್ನೂ ಕೆಡಿಸುತ್ತದೆ.
- ತೆಳು ಪ್ಲಾಸ್ಟಿಕ್ ಚೀಲದ ಮೂಲಕ ಗಾಳಿ ನಿಧಾನವಾಗಿ ಒಳಗೆ ಹೋಗುತ್ತದೆ. ದಪ್ಪ, ಪದರಗಳಿರುವ ಪ್ಯಾಕೆಟ್ ಬಳಸಿ, ಬಿಗಿಯಾಗಿ ಸೀಲ್ ಮಾಡಿ.
- ತಯಾರಿಸಿದ ದಿನಾಂಕ, ಯಾವ ದಿನದೊಳಗೆ ಬಳಸಬೇಕು ಎಂಬುದನ್ನು ತಪ್ಪದೆ ಹಾಕಿ. ಮೊದಲು ಮಾಡಿದ್ದು ಮೊದಲು ಅಂಗಡಿಗೆ ಹೋಗಲಿ.

ದೊಡ್ಡ ಕಂಪನಿಗಳ ಚಿಪ್ಸ್ ಪ್ಯಾಕೆಟ್ ಉಬ್ಬಿರುತ್ತದಲ್ಲ, ಅದರೊಳಗೆ ಸಾಮಾನ್ಯವಾಗಿ ಸಾರಜನಕ ತುಂಬಿರುತ್ತಾರೆ. ಆಮ್ಲಜನಕ ಇಲ್ಲದಿದ್ದರೆ ಕಮಟುವುದಿಲ್ಲ. ಉಪ್ಪಿನಕಾಯಿ ಜಾಡಿಯಲ್ಲಿ ಎಣ್ಣೆ ಮೇಲೆ ನಿಲ್ಲಬೇಕು ಅನ್ನುವುದೂ ಗಾಳಿಯನ್ನು ಹೊರಗಿಡುವ ಉಪಾಯವೇ. ಇನ್ನು ‘ಆಂಟಿ ಆಕ್ಸಿಡೆಂಟ್’ ಎಂದು ಪ್ಯಾಕೆಟ್ ಮೇಲೆ ಬರೆದಿರುವುದರ ಅರ್ಥ ಉತ್ಕರ್ಷಣ ತಡೆಯುವ ಪದಾರ್ಥ ಎಂದು.

ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಉತ್ಕರ್ಷಣ ಇನ್ನೂ ಜೋರಾಗಿ ನಡೆದು ದೇಹಕ್ಕೆ ಕೆಡುಕು ಮಾಡುವ ಪದಾರ್ಥಗಳು ಹುಟ್ಟುತ್ತವೆ. ಈ ಪದಾರ್ಥಗಳ ಅಳತೆ ನೂರಕ್ಕೆ 25 ಭಾಗ ಮೀರಿದ ಎಣ್ಣೆಯನ್ನು ಬಳಸಬಾರದು ಎಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಾಗಿದೆ. ನಮ್ಮ ಹತ್ತಿರ ಅಳೆಯುವ ಉಪಕರಣ ಇಲ್ಲದಿದ್ದರೂ ಕಣ್ಣು, ಮೂಗು ಇವೆ. ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆ ಬಂದು, ಬೇಗ ಹೊಗೆ ಬಿಟ್ಟರೆ ಅದರ ಕಾಲ ಮುಗಿಯಿತು ಎಂದು ತಿಳಿಯಿರಿ.

ಒಲೆಗೆ ಗಾಳಿ ಬೇಕು

ಸೌದೆ ಒಲೆಯ ಊದುಗೊಳವೆ ನಮ್ಮ ಕೈಯಲ್ಲಿರುವ ಆಮ್ಲಜನಕ ಸೇರಿಸುವ ಸಾಧನ. ಊದಿದ ಕೂಡಲೇ ಉರಿ ಏಳುತ್ತದೆ, ಹೊಗೆ ಕಡಿಮೆಯಾಗುತ್ತದೆ. ಗಾಳಿ ಸಾಲದಿದ್ದರೆ ಸೌದೆ ಅರೆಬರೆ ಉರಿದು ಹೊಗೆ ಏಳುತ್ತದೆ. ಸೌದೆಯೂ ದಂಡ, ಕಣ್ಣು ಎದೆಯೂ ಹಾಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ಶುರುವಾದ ‘ಅಸ್ತ್ರ’ ವಿಭಾಗ ಈ ವಿಷಯವನ್ನು ಓದಿ ‘ಅಸ್ತ್ರ ಒಲೆ’ಯನ್ನು ರೂಪಿಸಿತು. ಸೌದೆಯ ಕೆಳಗೆ ಜಾಲರಿ ಇಟ್ಟು ಗಾಳಿ ಒಳಗೆ ಬರುವ ದಾರಿ, ಚಿಮಣಿ ಇಟ್ಟು ಹೊಗೆ ಹೊರಗೆ ಹೋಗುವ ದಾರಿ ಮಾಡಿದರು. ಮನೆಗೆ ಗ್ಯಾಸ್ ಬಂದಿದ್ದರೂ ಸ್ನಾನದ ನೀರಿಗೆ ಸೌದೆ ಒಲೆ ಇದ್ದೇ ಇರುತ್ತದೆ. ಅಲ್ಲಿ ಬೂದಿ ತೆಗೆದು ಗಾಳಿಗೆ ದಾರಿ ಬಿಡಿ.

ಬೆಂಕಿ ಹತ್ತಿಕೊಂಡಾಗ ಮಾತ್ರ ಗಾಳಿ ತಪ್ಪಿಸಬೇಕು. ಬಾಣಲೆ ಎಣ್ಣೆಗೆ ಉರಿ ಹತ್ತಿದರೆ ನೀರು ಹಾಕಲೇಬೇಡಿ, ಎಣ್ಣೆ ಸಿಡಿದು ಬೆಂಕಿ ಹರಡುತ್ತದೆ. ಗ್ಯಾಸ್ ಆರಿಸಿ, ಅಗಲ ಮುಚ್ಚಳ ಸರಿಸಿ ಮುಚ್ಚಿ. ಸೀರೆಗೆ ಬೆಂಕಿ ಹತ್ತಿದರೆ ಓಡಬೇಡಿ, ಓಡಿದರೆ ಗಾಳಿ ಹೆಚ್ಚು ಸಿಗುತ್ತದೆ. ನೆಲಕ್ಕೆ ಬಿದ್ದು ಉರುಳಿ. ಹತ್ತಿರ ಇರುವವರು ದಪ್ಪ ಹತ್ತಿ ಕಂಬಳಿ ಸುತ್ತಿ ಆರಿಸಿ, ಆಮೇಲೆ ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಬಿಡಿ.

ರಕ್ತದಲ್ಲಿ ಆಮ್ಲಜನಕ

ಆಮ್ಲಜನಕ ಸೇರುವುದೆಲ್ಲ ಉತ್ಕರ್ಷಣ ಅಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣದ ಅಂಶ ಇದೆ. ಶ್ವಾಸಕೋಶದಲ್ಲಿ ಅದು ಆಮ್ಲಜನಕವನ್ನು ಹತ್ತಿಸಿಕೊಳ್ಳುತ್ತದೆ, ಮೈಯ ಬೇರೆ ಬೇರೆ ಭಾಗಕ್ಕೆ ಒಯ್ದು ಇಳಿಸುತ್ತದೆ. ಮೊಳೆಯಂತೆ ತುಕ್ಕು ಹಿಡಿಯುವುದಿಲ್ಲ. ಬಸ್ಸು ಜನರನ್ನು ಹತ್ತಿಸಿ ಇಳಿಸಿದ ಹಾಗೆ. ಇದು ಆಮ್ಲಜನಕದ ಸಾಗಾಣಿಕೆ ಅಷ್ಟೆ. ಹಾಗೆ ಇಳಿಸಿದ ಆಮ್ಲಜನಕ ನಾವು ಉಂಡ ಅನ್ನದ ಜೊತೆ ಸೇರಿ ಶಕ್ತಿ ಕೊಡುವುದು ಮಾತ್ರ ನಿಜವಾದ ಉತ್ಕರ್ಷಣ.

ಬಸ್ಸೇ ಕಡಿಮೆ ಇದ್ದರೆ? ಅದೇ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡಿತು. “ಮೆಟ್ಟಿಲು ಹತ್ತಿದರೆ ಏದುಸಿರು, ಕೆಲಸ ಮಾಡೋಕೆ ಆಗಲ್ಲ” ಅನ್ನುವ ಸಹೋದರಿಯನ್ನು ಸೋಮಾರಿ ಅನ್ನಬೇಡಿ, ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿ. ಗರ್ಭಿಣಿಯರಿಗೆ 180 ದಿನ, ಹೆರಿಗೆಯಾದ ಮೇಲೆ 180 ದಿನ ಕಬ್ಬಿಣಾಂಶದ ಮಾತ್ರೆ ಸರ್ಕಾರದಿಂದಲೇ ಸಿಗುತ್ತದೆ. ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಕಾಫಿ, ಚಹಾದ ಜೊತೆ ಬೇಡ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ.

ಬಾಣಂತಿ ಕೋಣೆಯ ಕೆಂಡ

ಈಗ ಪಾಠದ ಮುಖ್ಯ ಭಾಗಕ್ಕೆ ಬಂದೆವು. ದಯವಿಟ್ಟು ಇದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ.

ಬಾಣಂತಿ, ಕೂಸು ಬೆಚ್ಚಗಿರಲಿ ಎಂದು ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ಕೋಣೆಯೊಳಗೆ ಇಡುವುದು, ಬಾಗಿಲು ಕಿಟಕಿ ಮುಚ್ಚುವುದು ನಮ್ಮಲ್ಲಿ ವಾಡಿಕೆ. ಚಳಿಗಾಲದಲ್ಲಿ ಮಲೆನಾಡಿನ ತೋಟದ ಲೈನ್ ಮನೆಗಳಲ್ಲೂ ರಾತ್ರಿ ಕೆಂಡ ಇಟ್ಟು ಮಲಗುತ್ತಾರೆ. “ಹೊಗೆ ಇಲ್ಲವಲ್ಲ, ಏನಾಗುತ್ತೆ?” ಅನ್ನುತ್ತಾರೆ. ಅಪಾಯ ಇರುವುದು ಹೊಗೆಯಲ್ಲಿ ಮಾತ್ರ ಅಲ್ಲ.

ಇದ್ದಿಲಿಗೆ ಆಮ್ಲಜನಕ ಸಾಕಷ್ಟು ಸಿಕ್ಕಿದರೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಸಾಲದೆ ಹೋದರೆ ಅರೆ ಉತ್ಕರ್ಷಣವಾಗಿ ಇಂಗಾಲದ ಮೊನಾಕ್ಸೈಡ್ ಎಂಬ ವಿಷ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳಲ್ಲೆಲ್ಲ ಇದೇ ಕೂತುಬಿಟ್ಟರೆ ಆಮ್ಲಜನಕಕ್ಕೆ ಜಾಗ ಎಲ್ಲಿ? ತಲೆನೋವು, ವಾಕರಿಕೆ, ತಲೆಸುತ್ತು, ಮಂಪರು, ಕೊನೆಗೆ ಎಚ್ಚರ ತಪ್ಪುತ್ತದೆ. ಮಲಗಿದವರಿಗೆ ಇದು ಯಾವುದೂ ತಿಳಿಯುವುದೇ ಇಲ್ಲ.

“ನಮ್ಮ ಕಾಲದಲ್ಲಿ ಏನೂ ಆಗಲಿಲ್ಲವಲ್ಲ” ಎಂದು ಅತ್ತೆಯವರು ಕೇಳಬಹುದು. ಅವರ ಮಾತಿನಲ್ಲೂ ಅರ್ಥ ಇದೆ. ಹಳೆ ಮನೆಗೆ ನಾಡಹೆಂಚಿನ ಮಾಡು ಇತ್ತು, ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಈಗ ಆರ್.ಸಿ.ಸಿ. ಮನೆ, ಗಾಜಿನ ಕಿಟಕಿ, ಸಂದಿಗೆಲ್ಲ ಬಟ್ಟೆ. ಮೇಣದಬತ್ತಿಯ ಮೇಲೆ ಕವುಚಿದ ಬಾಟಲಿ ನೆನಪಿದೆಯಾ? ಮುಚ್ಚಿದ ಕೋಣೆಯೂ ಅಂಥ ಬಾಟಲಿಯೇ. ಹಳೆ ಮನೆಯಲ್ಲೂ ಅಪಾಯ ಇರಲಿಲ್ಲ ಎಂದಲ್ಲ, ಕಡಿಮೆ ಇತ್ತು ಅಷ್ಟೆ.

ಹಿರಿಯರ ಜೊತೆ ಜಗಳ ಬೇಡ. ಬಾಣಂತಿ ಬೆಚ್ಚಗಿರಬೇಕು ಅನ್ನುವ ಅವರ ಕಾಳಜಿ ಸರಿಯಾದದ್ದೇ. ದಾರಿ ಮಾತ್ರ ಬದಲಾಯಿಸೋಣ:

- ಬೆಂಕಿ, ಕೆಂಡ ಕೋಣೆಯ ಹೊರಗೇ ಇರಲಿ. ಬಟ್ಟೆಯನ್ನು ಹೊರಗೆ ಬಿಸಿ ಮಾಡಿ, ಮೈಗೆ ಹಿತವಾದಷ್ಟು ಆರಿದ ಮೇಲೆ ಒಳಗೆ ತಂದು ಹೊದಿಸಿ.
- ಕೂಸಿಗೆ ಟೋಪಿ, ಕಾಲುಚೀಲ ಹಾಕಿ. ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ ಮೇಲೆ ಹೊದಿಸಿದರೆ ಅದಕ್ಕಿಂತ ಒಳ್ಳೆಯ ಬಿಸಿ ಬೇರೆ ಇಲ್ಲ.
- ಸಾಂಬ್ರಾಣಿ ಹೊಗೆ ಕೂಸಿನ ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅದು ಬೇಡ.
- ಗಾಳಿ ಆಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೂ ಇದೇ ವಿಷ ಹುಟ್ಟುತ್ತದೆ. ಪಟ್ಟಣದಲ್ಲಿ ಬಾಡಿಗೆ ಮನೆ ಮಾಡಿರುವ ಮಕ್ಕಳಿಗೆ ಫೋನ್ ಮಾಡಿ ಹೇಳಿ. ಗೀಸರ್ ಹೊರಗಡೆ ಇರಬೇಕು.

ಯಾರಾದರೂ ಹೀಗೆ ಎಚ್ಚರ ತಪ್ಪಿದ್ದರೆ ಬಾಗಿಲು ಕಿಟಕಿ ತೆರೆದು ಅವರನ್ನು ಕೂಡಲೇ ಬಯಲಿಗೆ ತನ್ನಿ, 108ಕ್ಕೆ ಕರೆ ಮಾಡಿ. ‘ಕೋಣೆಯಲ್ಲಿ ಕೆಂಡ ಇತ್ತು’ ಎಂದು ಡಾಕ್ಟರಿಗೆ ಮರೆಯದೆ ಹೇಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ವಿಷವನ್ನು ಆಮ್ಲಜನಕದಿಂದ ಬೇರೆ ಮಾಡಿ ತೋರಿಸುವುದಿಲ್ಲ. 98 ಅಂತ ತೋರಿಸಿದರೂ ಸುಮ್ಮನಿರಬೇಡಿ. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ಕೊಟ್ಟು ಈ ವಿಷವನ್ನು ಹೊರಗೆ ಹಾಕುತ್ತಾರೆ.

ಬಾವಿ ಮತ್ತು ಗುಂಡಿ

ಬಹಳ ದಿನ ಬಳಸದ ಬಾವಿ, ಶೌಚಾಲಯದ ಗುಂಡಿ, ಗೋಬರ್ ಗ್ಯಾಸ್ ಗುಂಡಿಯಲ್ಲಿ ಕಸ ಕೊಳೆಯುವಾಗ ಆಮ್ಲಜನಕ ಖರ್ಚಾಗುತ್ತದೆ, ವಿಷ ಅನಿಲಗಳು ತುಂಬುತ್ತವೆ. ಇಳಿದವರು ಕುಸಿಯುತ್ತಾರೆ. ಅವರನ್ನು ಎತ್ತಲು ಅಣ್ಣನೋ ತಮ್ಮನೋ ಇಳಿದು ಅವರೂ ಕುಸಿಯುತ್ತಾರೆ. ದೀಪ ಇಳಿಸಿ ನೋಡುವ ಹಳೆ ಪದ್ಧತಿಯನ್ನು ನಂಬಬೇಡಿ. ದೀಪ ಆರದಿದ್ದರೂ ವಿಷ ಅನಿಲ ಇರಬಹುದು, ಉರಿಯುವ ಅನಿಲ ಇದ್ದರೆ ಸಿಡಿಯಲೂಬಹುದು. ಯಾರಾದರೂ ಒಳಗೆ ಬಿದ್ದರೆ ಇಳಿಯಬೇಡಿ, ಅಗ್ನಿಶಾಮಕ ದಳವನ್ನು ಕರೆಯಿರಿ. ಶೌಚಗುಂಡಿಗೆ ಸುರಕ್ಷತೆ ಇಲ್ಲದೆ ಮನುಷ್ಯರನ್ನು ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಯಂತ್ರದ ಗಾಡಿ ಕರೆಸುವಂತೆ ಪಂಚಾಯಿತಿಯನ್ನು ಕೇಳುವ ಹಕ್ಕು ಸಂಘಕ್ಕಿದೆ.

ನೆನಪಿಡಿ

ಗಾಳಿ ಬೇಕಾದ ಕಡೆ: ಒಲೆ, ಮಲಗುವ ಕೋಣೆ, ಬಾಣಂತಿ ಕೋಣೆ, ಬಚ್ಚಲು, ಕಬ್ಬಿಣಾಂಶದ ಬೋರ್ ನೀರು.
ಗಾಳಿ ಬೇಡದ ಕಡೆ: ಎಣ್ಣೆ ಡಬ್ಬಿ, ತಿಂಡಿ ಪ್ಯಾಕೆಟ್, ಪುಡಿಗಳು, ಉಪ್ಪಿನಕಾಯಿ ಜಾಡಿ, ಕತ್ತಿ ಕುಡುಗೋಲು, ಉರಿ ಹತ್ತಿದ ಬಾಣಲೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಈಗ ಎಷ್ಟು ಮನೆಗಳಲ್ಲಿ ಬಾಣಂತಿಯರಿದ್ದಾರೆ? ಎಷ್ಟು ಮನೆಯಲ್ಲಿ ಕೋಣೆಯೊಳಗೆ ಕೆಂಡ ಇಡುತ್ತಾರೆ?
2. ಕಳೆದ ಮೂರು ತಿಂಗಳಲ್ಲಿ ನಮ್ಮ ಸಂಘದ ತಿಂಡಿ ಎಷ್ಟು ವಾಪಸ್ ಬಂತು? ಅದರಿಂದ ಎಷ್ಟು ರೂಪಾಯಿ ನಷ್ಟ?
3. ನಮ್ಮಲ್ಲಿ ಯಾರು ರಕ್ತ ಪರೀಕ್ಷೆ ಮಾಡಿಸಿಲ್ಲ?
4. ಊರಿನಲ್ಲಿ ಬಳಸದೆ ಬಿಟ್ಟ ಬಾವಿ, ತೆರೆದ ಗುಂಡಿ ಎಲ್ಲೆಲ್ಲಿವೆ?

ಸಂಘದ ತೀರ್ಮಾನಕ್ಕೆ

ಚರ್ಚೆ ಮಾಡಿ ಬಿಟ್ಟರೆ ಸಾಲದು, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಇಬ್ಬರು ಸದಸ್ಯರು ಆಶಾ ಕಾರ್ಯಕರ್ತೆಯ ಜೊತೆ ಸೇರಿ ಈ ವಾರವೇ ಬಾಣಂತಿಯರಿರುವ ಮನೆಗಳಿಗೆ ಹೋಗಿ ಬರಲಿ. ಹೋಗುವಾಗ ಮೇಣದಬತ್ತಿ, ಗಾಜಿನ ಬಾಟಲಿ ತೆಗೆದುಕೊಂಡು ಹೋಗಲಿ. ಮಾತಿಗಿಂತ ಆರಿದ ದೀಪ ಬೇಗ ಅರ್ಥವಾಗುತ್ತದೆ. ಇನ್ನಿಬ್ಬರು ತಿಂಡಿಯ ಪ್ಯಾಕಿಂಗ್ ಮತ್ತು ದಿನಾಂಕ ನೋಡಿಕೊಳ್ಳುವ ಜವಾಬ್ದಾರಿ ಹೊರಲಿ. ಮೂರು ಮೊಳೆಗಳ ಸೀಸೆಯನ್ನು ಮುಂದಿನ ಸಭೆಗೆ ತರುವವರು ಯಾರು ಎಂದು ಈಗಲೇ ಹೆಸರು ಬರೆದುಕೊಳ್ಳಿ. ಹತ್ತನೇ ತರಗತಿಯ ಮಕ್ಕಳನ್ನೂ ಆ ದಿನ ಕರೆಯಿರಿ. ಅವರು ಬಾಯಿಪಾಠ ಮಾಡಿದ ಪದವನ್ನು ಅವರಮ್ಮಂದಿರೇ ಕೈಯಾರೆ ಮಾಡಿ ತೋರಿಸಲಿ.